ಬೆಂಕಿಪುರದಿಂದ ನ್ಯೂಟೌನ್‌ವರೆಗೆ: ವಸಾಹತು ಕಾಲದ ಊರು ಕಟ್ಟುವಿಕೆ

ವಸಾಹತು ಆಳ್ವಿಕೆ ಏಷ್ಯಾದ ಊರುಗಳ ರೂಪವನ್ನು ಬದಲಿಸಿದ್ದು ಒಂದೇ ಬಗೆಯಲ್ಲಲ್ಲ. ಫಿಲಿಪೀನ್ಸ್‌ನಲ್ಲಿ ಅದು ರಾಜಾಜ್ಞೆಯಿಂದ ಆಯಿತು. ಸ್ಪೇನಿನ ದೊರೆ ಎರಡನೇ ಫಿಲಿಪ್ 1573ರಲ್ಲಿ ಹೊರಡಿಸಿದ ಕಟ್ಟಳೆಗಳಂತೆ ಊರ ನಡುವೆ ಚೌಕ, ಅದರ ಸುತ್ತ ಚರ್ಚು ಮತ್ತು ಆಡಳಿತದ ಕಟ್ಟಡಗಳು, ಅಲ್ಲಿಂದ ಹೊರಡುವ ನೇರ ಬೀದಿಗಳು ಬಂದವು. ಮೈಸೂರು ಸಂಸ್ಥಾನಕ್ಕೆ ಯುರೋಪಿನ ಪದ್ಧತಿ ಬಂದದ್ದು ಕಚೇರಿ, ರೈಲು, ಕಾರ್ಖಾನೆಗಳ ಮೂಲಕ. ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಈ ಹಂತಗಳೆಲ್ಲ ಇಂದಿಗೂ ಕಾಣುತ್ತವೆ.

ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯದ ಭದ್ರಾವತಿ, ಕೆಳದಿ ಅರಸರ ಕಾಲದ ಶಿವಮೊಗ್ಗ ಎರಡೂ ಗುಡಿ, ಕೋಟೆ, ಪೇಟೆಗಳ ಸುತ್ತ ಬೆಳೆದ ಊರುಗಳು. ನಗರ ಪ್ರಾಂತದ ರೈತರ ದಂಗೆಯ ಬಳಿಕ 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡರು. 1881ರವರೆಗೆ ಅದು ಅವರಲ್ಲೇ ಉಳಿಯಿತು. ನಗರ ವಿಭಾಗದ ಕೇಂದ್ರವಾದ ಶಿವಮೊಗ್ಗಕ್ಕೆ ಕಚೇರಿಗಳೂ ಅಧಿಕಾರಿಗಳ ಬಂಗಲೆಗಳೂ ಬಂದವು. ಎತ್ತರದ ತಳಪಾಯ, ಸುತ್ತ ವರಾಂಡ, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ, ಮುಂದೆ ಚಾಚಿದ ಸೂರು: ಇದು ಬಂಗಲೆಯ ಮಾದರಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ ಸೂರುಗಳೂ ಕ್ರಮೇಣ ಬದಲಾದವು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಬಂತು.

1898ರ ಪ್ಲೇಗು ಸಂಸ್ಥಾನದ ಊರು ಕಟ್ಟುವಿಕೆಗೆ ಹೊಸ ತಿರುವು ಕೊಟ್ಟಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ನೈರ್ಮಲ್ಯದ ಓಣಿ, ಅಳತೆಯ ನಿವೇಶನಗಳೊಡನೆ ಬೆಳೆದವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಬ್ರಿಟಿಷರ ನೈರ್ಮಲ್ಯ ವಿಚಾರ ಹೀಗೆ ಸಂಸ್ಥಾನದ ಎಂಜಿನಿಯರುಗಳ ಕೈಗೆ ಬಂದು ಅವರದೇ ಆಯಿತು. ಕಾರ್ಖಾನೆ ಊರಿಗೆ ದಾರಿ ಮಾಡಿದ್ದು ಈ ಪರಂಪರೆ.

ಬೆಂಕಿಪುರ ಎಂಬ ಹೆಸರಿದ್ದ ಊರು ಭದ್ರಾವತಿಯಾಯಿತು; ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ್ದು ಸಂಸ್ಥಾನದ ದೊಡ್ಡ ಸಾಹಸ. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷದಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು, ಭದ್ರೆಯ ನೀರು ಒಂದೆಡೆ ಸೇರಿದ ಜಾಗಕ್ಕೆ ಜನವೂ ಬಂದರು. ಫಿಲಿಪೀನ್ಸ್‌ನ ಊರಿನಲ್ಲಿ ಚರ್ಚು ಇದ್ದ ಸ್ಥಾನವನ್ನು ಇಲ್ಲಿ ಕಾರ್ಖಾನೆಯ ಗೇಟು ಹಿಡಿಯಿತು. ಹುದ್ದೆಗೆ ತಕ್ಕ ಮನೆ ಎಂಬ ವಸಾಹತು ಕಾಲದ ಕ್ರಮವೂ ಉಳಿಯಿತು: ಮೇಲಧಿಕಾರಿಗೆ ಕಾಂಪೌಂಡಿನ ಬಂಗಲೆ, ಕಾರ್ಮಿಕರಿಗೆ ಸಾಲುಮನೆ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯಿಂದ ಪೇಪರ್‌ಟೌನ್ ಬೆಳೆಯಿತು. ಹಳೇನಗರ, ಕಬ್ಬಿಣದ ಕಾರ್ಖಾನೆಯ ನ್ಯೂಟೌನ್, ಪೇಪರ್‌ಟೌನ್ ಎಂದು ಊರು ಮೂರು ಚಹರೆ ಪಡೆಯಿತು.

ಈ ಊರಿಗೆ ಆಧುನಿಕ ಯೋಜನೆಯ ದೃಷ್ಟಿ ತಂದವರು ಒಟ್ಟೊ ಕೋನಿಗ್ಸ್‌ಬರ್ಗರ್. ನಾಜಿ ಜರ್ಮನಿಯನ್ನು ತೊರೆದ ಈ ವಾಸ್ತುಶಿಲ್ಪಿ 1939ರಲ್ಲಿ ಬೆಂಗಳೂರಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಜಮ್‌ಶೆಡ್‌ಪುರ, ಭುವನೇಶ್ವರಗಳ ಯೋಜನೆಗಳು ಅವರಿಗೆ ಹೆಸರು ತಂದವು. 1940ರ ದಶಕದಲ್ಲಿ ಭದ್ರಾವತಿಯ ಬೆಳವಣಿಗೆಗೂ ಅವರು ನಕ್ಷೆ ಮಾಡಿದರು. ಶಾಲೆ, ಅಂಗಡಿ, ಬಯಲುಗಳು ನಡೆಯುವಷ್ಟು ದೂರದಲ್ಲಿರುವ ನೆರೆಹೊರೆ, ಬಿಸಿಲು–ಗಾಳಿಯನ್ನು ಲೆಕ್ಕ ಹಾಕಿದ ಮನೆ: ಇವು ಅವರ ಚಿಂತನೆಯ ತಿರುಳು. ಯುರೋಪಿನ ಜ್ಞಾನವನ್ನು ಇಲ್ಲಿನ ಹವೆಗೆ ಒಗ್ಗಿಸಿದ ಈ ಘಟ್ಟ ಬಂಗಲೆ ಯುಗಕ್ಕಿಂತ ಖಂಡಿತ ಹೆಚ್ಚು ಮುಖ್ಯ.

ಕನ್ನಡದಲ್ಲಿ ಪರಂಪರೆಯ ಚರ್ಚೆ ಗುಡಿ, ಶಾಸನ, ಅರಮನೆಗಳನ್ನು ದಾಟುವುದು ಕಡಿಮೆ. ಬಿ.ಎಲ್. ರೈಸ್‌ರ ಗೆಜೆಟಿಯರ್, ಶಾಸನ ಸಂಪುಟಗಳು ಹಾಕಿದ ಆ ಬುನಾದಿ ಗಟ್ಟಿ. ಆದರೆ ಕಾರ್ಮಿಕರ ಸಾಲುಮನೆ ಅದರ ಮೇಲೆ ಇನ್ನೂ ಏರಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತುಹೋಗಿದೆ. 2023ರಲ್ಲಿ ಕಬ್ಬಿಣ–ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಊರೇ ಎದುರಾಯಿತು. ಖಾಲಿಯಾದ ವಸತಿಗೃಹ ಮಳೆಗೆ ಬಹುಕಾಲ ನಿಲ್ಲುವುದಿಲ್ಲ. ಹಳೆಯ ನಕ್ಷೆಗಳನ್ನು ಕಾಪಾಡುವುದು, ಬಡಾವಣೆಗಳ ಅಳತೆ ಮಾಡಿ ದಾಖಲಿಸುವುದು, ಅಲ್ಲಿ ಬಾಳಿದವರ ಮಾತನ್ನು ಬರೆದಿಡುವುದು ಈ ಕ್ಷೇತ್ರದಲ್ಲಿ ಮೊದಲು ಆಗಬೇಕಾದ ಕೆಲಸ.