ಎ, ಬಿ ಬಿಟ್ಟು ಸಿ ಯಿಂದಲೇ ಯಾಕೆ?

ವಿಂಡೋಸ್ ಕಂಪ್ಯೂಟರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಸಿ ಡ್ರೈವ್. ಎ ಇಲ್ಲ, ಬಿ ಇಲ್ಲ. ಅಕ್ಷರಾಭ್ಯಾಸಕ್ಕೆ ಕೂತ ಮಗು ಅ, ಆ ಬಿಟ್ಟು ಇ ಯಿಂದ ಶುರು ಮಾಡಿದ ಹಾಗೆ! ಫ್ಲಾಪಿ ಕಂಡವರಿಗೆ ಕಾರಣ ಗೊತ್ತು. ಕಾಣದ ಹುಡುಗರು ಆಗಾಗ ಕೇಳುತ್ತಾರೆ. ಆದರೆ ಈ ಅಕ್ಷರಗಳ ಕತೆ ಫ್ಲಾಪಿಗಿಂತ ಹಳೆಯದು. ಇವುಗಳ ದೆಸೆಯಿಂದ ನಮ್ಮ ಸೋದರಮಾವನ ಆರು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

1960ರ ದಶಕದಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಐಬಿಎಂನವರು ಸಿಪಿ/ಸಿಎಂಎಸ್ ಎಂಬ ವ್ಯವಸ್ಥೆ ಕಟ್ಟಿದರು. ಒಂದೇ ದೊಡ್ಡ ಯಂತ್ರ, ಆದರೆ ಅದನ್ನು ಬಳಸುವ ಪ್ರತಿಯೊಬ್ಬನಿಗೂ ಅದು ತನ್ನದೊಬ್ಬನದೇ ಎಂಬ ಭ್ರಮೆ. ಪ್ರತಿಯೊಬ್ಬನಿಗೂ ಡಿಸ್ಕಿನಲ್ಲಿ ಒಂದೊಂದು ಪಾಲು, ಆ ಪಾಲಿಗೆ ಒಂದು ಅಕ್ಷರದ ಹೆಸರು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಪುಟ್ಟ ಕಂಪ್ಯೂಟರುಗಳಿಗಾಗಿ ಬರೆದ ಸಿಪಿ/ಎಂ ಕೂಡ ಫ್ಲಾಪಿಗಳನ್ನು ಅಕ್ಷರಗಳಿಂದಲೇ ಕರೆಯಿತು. 1980ರಲ್ಲಿ ಸಿಯಾಟಲ್‌ನ ಟಿಮ್ ಪ್ಯಾಟರ್ಸನ್ ಅದರದೇ ಧಾಟಿಯಲ್ಲಿ 86-ಡಾಸ್ ಬರೆದರು. ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದಾಗ ಅದರೊಳಗೆ ಇದ್ದದ್ದು ಅದೇ.

ಆ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಇದ್ದದ್ದು ಒಂದೋ ಎರಡೋ ಫ್ಲಾಪಿ. ಒಂದೇ ಇದ್ದರೂ ಡಾಸ್ ಎರಡಿದೆ ಎಂದೇ ನಟಿಸುತ್ತಿತ್ತು! ಎ ಯಿಂದ ಬಿ ಗೆ ಕಾಪಿ ಮಾಡು ಎಂದರೆ, ಈಗ ಬಿ ಯ ಫ್ಲಾಪಿ ಹಾಕಿ ಎಂದು ಕೇಳುತ್ತಿತ್ತು. ನಾವು ಅದೇ ಬಾಯಿಗೆ ಇನ್ನೊಂದು ಫ್ಲಾಪಿ ತುರುಕಬೇಕು. ಹೀಗೆ ಎರಡು ಅಕ್ಷರ ಕಾಯಂ ಆಗಿ ಹೋದವು. 1983ರ ಮಾರ್ಚಿನಲ್ಲಿ ಪಿಸಿ ಎಕ್ಸ್‌ಟಿ ಜೊತೆ ಬಂದ 10 ಎಂಬಿ ಹಾರ್ಡ್ ಡಿಸ್ಕಿಗೆ ಸಿಕ್ಕಿದ್ದು ಸಿ.

ಪಾಲು ಮಾಡುವ ಕೋಷ್ಟಕ ಬಂದದ್ದೂ ಆಗಲೇ, ಡಾಸ್ 2.0 ಜೊತೆ. ಒಂದೇ ಡಿಸ್ಕಿನಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ಮುಗಳೂ ಇರಲಿ ಎಂಬ ಉದ್ದೇಶ. ಡಿಸ್ಕಿನ ಮೊದಲ 512 ಬೈಟಿನಲ್ಲಿ ಇದಕ್ಕೆ ಕೊಟ್ಟ ಜಾಗ ಬರೀ 64 ಬೈಟು, ಪಾಲಿಗೆ 16ರಂತೆ ನಾಲ್ಕು ಪಾಲು. ಡಿಸ್ಕುಗಳು ದೊಡ್ಡವಾದವು, ಆದರೆ ಡಾಸ್ ಒಂದು ಪಾಲಿನಲ್ಲಿ 32 ಎಂಬಿಗಿಂತ ಹೆಚ್ಚು ನೋಡಲಾರದು. 1987ರ ಡಾಸ್ 3.3ರಲ್ಲಿ ಒಂದು ಪಾಲಿನ ಹೊಟ್ಟೆಯೊಳಗೆ ಮರಿಪಾಲುಗಳನ್ನು ಮಾಡುವ ಉಪಾಯ ಬಂತು. ಲಿನಕ್ಸ್ ಹಾಕಿದವರು ಗಮನಿಸಿರಬಹುದು: ಎಸ್‌ಡಿಎ1 ಆದ ಮೇಲೆ ನೇರ ಎಸ್‌ಡಿಎ5! ಮೊದಲ ನಾಲ್ಕು ಅಂಕಿ ಆ ನಾಲ್ಕು ಪಾಲುಗಳಿಗೆ ಮೀಸಲು, ಪಾಲು ಇರಲಿ ಬಿಡಲಿ. ಮರಿಗಳ ಎಣಿಕೆ 5ರಿಂದಲೇ.

ಈಗ ಮುಖ್ಯ ವಿಷಯ. ಸಿ, ಡಿ, ಇ ಇವು ಹೆಸರುಗಳೇ ಅಲ್ಲ. ಊಟದ ಪಂಕ್ತಿಯಲ್ಲಿ ಮೂರನೇ ಎಲೆ, ನಾಲ್ಕನೇ ಎಲೆ ಅನ್ನುತ್ತೇವಲ್ಲ, ಹಾಗೆ. ನಡುವೆ ಒಬ್ಬರು ಬಂದು ಕೂತರೆ ನಾಲ್ಕನೆಯವನು ಐದನೆಯವನಾಗುತ್ತಾನೆ. ಡಾಸ್ ಮತ್ತು ವಿಂಡೋಸ್ 98 ಮೊದಲು ಪ್ರತಿ ಡಿಸ್ಕಿನ ಮುಖ್ಯ ಪಾಲಿಗೆ ಎಲೆ ಹಾಕುತ್ತಿದ್ದವು, ಮರಿಪಾಲುಗಳಿಗೆ ಆಮೇಲೆ.

ನಮ್ಮ ಸೋದರಮಾವ ನಿವೃತ್ತ ಮೇಷ್ಟ್ರು. ಊರೂರು ಅಲೆದು ಗಾದೆ, ಒಗಟು ಕೂಡಿಸಿ ಬರಹದಲ್ಲಿ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿ ಡಿ ಡ್ರೈವಿನಲ್ಲಿ ಇಟ್ಟಿದ್ದರು. 2001ರಲ್ಲಿ ಜಾಗ ಸಾಲದೆ ಎರಡನೇ ಡಿಸ್ಕ್ ಹಾಕಿಸಿದರು. ಬಂದ ಹುಡುಗ ಕೇಳಿದ, "ಸಾರ್, ನಿಮ್ಮ ಫೈಲ್ ಎಲ್ಲಾ ಎಲ್ಲಿವೆ?"

"ಡಿ ಯಲ್ಲಿದೆ ಕಣಪ್ಪಾ."

"ಹಾಗಾದ್ರೆ ಹೊಸದು ಇ. ಫಾರ್ಮ್ಯಾಟ್ ಮಾಡ್ತೀನಿ."

ಇಬ್ಬರದೂ ಸರಿಯಾದ ಮಾತೇ, ಆ ದಿನ ಬೆಳಿಗ್ಗೆವರೆಗೆ. ಅಂಗಡಿಯಲ್ಲೇ ಮುಖ್ಯ ಪಾಲು ಮಾಡಿ ತಂದಿದ್ದ ಹೊಸ ಡಿಸ್ಕು ಪಂಕ್ತಿಯಲ್ಲಿ ನುಗ್ಗಿ ಡಿ ಆಗಿತ್ತು. ಮಾವನ ಮರಿಪಾಲು ಇ ಗೆ ಸರಿದಿತ್ತು. ಮೊದಲು ಬರೆದುಕೊಂಡ ನೋಟ್‌ಪುಸ್ತಕಗಳಲ್ಲಿ ಅರ್ಧದಷ್ಟು ಉಳಿದಿದ್ದವು. ಉಳಿದರ್ಧ ಹೇಳಿದವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಯುನಿಕ್ಸ್ ಕಡೆಯವರು ಈ ವಿಷಯದಲ್ಲಿ ಸ್ವಲ್ಪ ಜಂಬ ಪಡುತ್ತಾರೆ. ಅಲ್ಲಿ ಅಕ್ಷರದ ಡ್ರೈವಿಲ್ಲ, ಎಲ್ಲ ಒಂದೇ ಮರದ ಕೊಂಬೆಗಳು. ಡಿಸ್ಕಿಗೆ ಅದರ ಯಂತ್ರದ ಜಾತಿ ಹಿಡಿದು ಹೆಸರು. ಲಿನಕ್ಸಿನ ಎಚ್‌ಡಿಎ, ಎಚ್‌ಡಿಬಿ, ಎಚ್‌ಡಿಸಿ ನನಗೆ ಇಂದಿಗೂ ಮೆಚ್ಚುಗೆ. ಅವು ಕೇಬಲ್ಲಿನಲ್ಲಿ ಕೂತ ಜಾಗದ ಹೆಸರುಗಳು. ಎರಡನೇ ಕೇಬಲ್ಲಿನ ಮೊದಲ ಡಿಸ್ಕು, ಪಕ್ಕದಲ್ಲಿ ಯಾರಿರಲಿ ಇಲ್ಲದಿರಲಿ, ಎಚ್‌ಡಿಸಿ ಯೇ. ಸ್ಕಸಿ ಡಿಸ್ಕುಗಳ ಎಸ್‌ಡಿಎ, ಎಸ್‌ಡಿಬಿ ಮಾತ್ರ ಕಂಡ ಕ್ರಮದಲ್ಲಿ ಕೊಟ್ಟವು, ಅಂದರೆ ಮತ್ತೆ ಪಂಕ್ತಿ! ಪೆನ್ ಡ್ರೈವುಗಳೂ ಅದೇ ಸಾಲಿಗೆ ಬಂದವು. 2007ರ ಸುಮಾರಿಗೆ ಹಳೆಯ ಡಿಸ್ಕುಗಳನ್ನೂ ಅಲ್ಲಿಗೇ ಸೇರಿಸಿದರು. ನಿನ್ನೆಯ ಎಸ್‌ಡಿಎ ಇವತ್ತು ಎಸ್‌ಡಿಬಿ ಆಗಬಹುದು ಎಂದಾದ ಮೇಲೆ ಜಂಬಕ್ಕೆ ಉಳಿದದ್ದೇನು?

ಹಾಗಾಗಿ ಯುಯುಐಡಿ ಮುಂದೆ ಬಂತು: ಫಾರ್ಮ್ಯಾಟ್ ಮಾಡುವಾಗಲೇ ಪಾಲಿನೊಳಗೆ ಬರೆದಿಡುವ, 32 ಅಂಕಿ-ಅಕ್ಷರಗಳ ಉದ್ದನೆಯ ಸಂಖ್ಯೆ. ಎಲ್ಲೇ ಕೂರಲಿ, ಅದು ಅದೇ. ವಿಂಡೋಸ್ ಕೂಡ 2000ರ ಆವೃತ್ತಿಯಿಂದ ಯಾವ ಪಾಲಿಗೆ ಯಾವ ಅಕ್ಷರ ಎಂದು ಡಿಸ್ಕಿನ ಗುರುತಿನ ಜೊತೆ ಬರೆದಿಡುತ್ತದೆ. ನಾವು ಸಿ ಎಂದು ಕಾಣುವುದು ಒಳಗಿನ ಬೇರೊಂದು ಉದ್ದ ಹೆಸರಿಗೆ ಹಚ್ಚಿದ ಚೀಟಿ ಅಷ್ಟೇ. ಹೊಸ ಕೋಷ್ಟಕವಾದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗ, ಪ್ರತಿ ಪಾಲಿಗೂ ತನ್ನದೇ ಸಂಖ್ಯೆ. ನಾಲ್ಕರ ಜಗಳ ಮುಗಿಯಿತು.

ಒಂದು ಎಚ್ಚರಿಕೆ. ಇಡೀ ಡಿಸ್ಕನ್ನು ಯಥಾವತ್ತು ನಕಲು ಮಾಡಿದರೆ ಆ ಸಂಖ್ಯೆಯೂ ನಕಲಾಗುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿದರೆ ಅಸಲು ಯಾವುದು, ನಕಲು ಯಾವುದು ಎಂದು ಹೇಳುವವರಿಲ್ಲ. ಲಿನಕ್ಸಿನ ಎಕ್ಸ್‌ಎಫ್‌ಎಸ್ ಎರಡನೆಯದನ್ನು ತೆರೆಯಲು ಒಪ್ಪುವುದೇ ಇಲ್ಲ. ವಿಂಡೋಸ್ ಅದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ಬ್ಯಾಕಪ್ಪಿಗೆಂದು ಹೀಗೆ ನಕಲು ಮಾಡಿಟ್ಟವರು, ಫಾರ್ಮ್ಯಾಟ್ ಮಾಡುವ ಮೊದಲು ಒಂದರ ವೈರು ಕಿತ್ತಿಡಿ.