ಆರು, ಏಳು, ಎಂಟರ ಲೆಕ್ಕ

ಆರರಿಂದ ಎಂಟನೇ ತರಗತಿಯವರೆಗೆ ಮಕ್ಕಳು ಗಣಿತದಲ್ಲಿ ಏನು ಕಲಿಯಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಎಂದೂ ಒಂದೇ ಉತ್ತರ ಇರಲಿಲ್ಲ. ಒಮ್ಮೆ ಸಂತೆ, ಒಮ್ಮೆ ಕಚೇರಿ, ಒಮ್ಮೆ ಬಾಹ್ಯಾಕಾಶದ ಪೈಪೋಟಿ: ಆಯಾ ಕಾಲಕ್ಕೆ ಯಾವುದು ದೊಡ್ಡದೆನಿಸಿತೋ ಅದು ಪಠ್ಯವನ್ನು ತಿದ್ದಿದೆ.

ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ಅಡುಗೆಯಿಂದ ಸಂಗೀತದವರೆಗೆ ಎಲ್ಲದಕ್ಕೂ ಗಣಿತ ಬೇಕೆಂದು ಹೊಗಳಿಯೇ ಮೊದಲಾಗುತ್ತದೆ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲ.ಸಾ.ಅ. ತೆಗೆಯುವ ಕ್ರಮ ಅದರಲ್ಲಿದೆ. ಇಂದಿನ ಆರನೇ ತರಗತಿಯ ಮಗು ಮಾಡುವುದೂ ಅದನ್ನೇ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ತ್ರೈರಾಶಿ ಅದರ ಒಂದು ಮುಖ್ಯ ವಿಷಯ. ವ್ಯವಹಾರದ ಈ ಗಣಿತವೇ ಕೂಲಿಮಠಗಳಲ್ಲೂ ನಡೆಯಿತು. ಅಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಬಾಯಿಪಾಠ. ಅವನ್ನು ಬಲ್ಲ ಹುಡುಗನನ್ನು ಅಂಗಡಿಯಲ್ಲಿ ಏಮಾರಿಸುವುದು ಕಷ್ಟವಿತ್ತು. ಲೆಕ್ಕ ಹಾಗೇಕೆ ಬರುತ್ತದೆ ಎಂದು ಕೇಳುವ ರೂಢಿ ಮಾತ್ರ ಇರಲಿಲ್ಲ.

ಬ್ರಿಟಿಷರ ಕಾಲದ ಶಾಲೆಗಳು ಈ ಬಗೆಯ ಲೆಕ್ಕವನ್ನು ಇನ್ನಷ್ಟು ಬೆಳೆಸಿದವು. 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಒಂದಕ್ಕೆ 3 ರೂಪಾಯಿ 5 ಆಣೆ 7 ಪೈ ಆದರೆ 19ಕ್ಕೆ ಎಷ್ಟು? ಉತ್ತರ 63 ರೂಪಾಯಿ 10 ಆಣೆ 1 ಪೈ. ಇಂಥ ಲೆಕ್ಕ ಬಿಡಿಸುವುದರಲ್ಲೇ ಮಕ್ಕಳ ಎಷ್ಟೋ ಹೊತ್ತು ಹೋಗುತ್ತಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂತು, ಹಿಂದೆಯೇ ಮೆಟ್ರಿಕ್ ತೂಕ, ಅಳತೆಗಳು ಬಂದವು. ದಶಮಾಂಶ ಗೊತ್ತಿದ್ದರೆ ಸಾಕೆಂಬಂತಾಯಿತು. ಗಣಿತ ಪಠ್ಯಕ್ಕೆ ನಮ್ಮಲ್ಲಿ ಸಿಕ್ಕ ಅತಿ ದೊಡ್ಡ ಬಿಡುಗಡೆ ಶಿಕ್ಷಣ ಇಲಾಖೆಯಿಂದ ಬಂದದ್ದಲ್ಲ, ಟಂಕಸಾಲೆಯಿಂದ!

ಉಳಿದ ಹೊತ್ತಿನಲ್ಲಿ ಏನು ಕಲಿಸಬೇಕು? ಅದೇ 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಬೆಚ್ಚಿದ ಅಮೆರಿಕ ಶಾಲಾ ಗಣಿತಕ್ಕೆ, ಗಣಗಳಿಗೆ (ಸೆಟ್) ಒತ್ತು ಕೊಡುವ ‘ನ್ಯೂ ಮ್ಯಾಥ್’ ಎಂಬ ಹೊಸ ರೂಪ ಕೊಟ್ಟಿತು. ಇತ್ತ ಕೊಠಾರಿ ಆಯೋಗ (1964–66) ಮೊದಲ ಹತ್ತು ವರ್ಷ ಗಣಿತ ಎಲ್ಲರಿಗೂ ಕಡ್ಡಾಯವಾಗಬೇಕೆಂದಿತು. ಕ್ರಮೇಣ ಗಣಗಳು ನಮ್ಮ ಪುಸ್ತಕಗಳಿಗೂ ಬಂದವು. ಗಣಿತವನ್ನೆಲ್ಲ ಗಣಗಳಿಂದ ಕಟ್ಟಬಹುದು ಎಂಬುದು ಪಂಡಿತರ ಮಟ್ಟಿಗೆ ನಿಜ. ಹನ್ನೊಂದು ವರ್ಷದ ಮಗು ಅಲ್ಲಿಂದಲೇ ಶುರುಮಾಡಬೇಕಿಲ್ಲ. ಅಮೆರಿಕದಲ್ಲೇ ಗಣಿತಜ್ಞ ಮಾರಿಸ್ ಕ್ಲೈನ್ 1973ರಲ್ಲಿ ಈ ಪ್ರಯೋಗವನ್ನು ಟೀಕಿಸಿ ಇಡೀ ಪುಸ್ತಕ ಬರೆದರು.

ನಮ್ಮಲ್ಲಿ ತಿರುವು ಬಂದದ್ದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನೊಂದಿಗೆ. ಆರ್. ರಾಮಾನುಜಂ ಅಧ್ಯಕ್ಷತೆಯ ತಂಡ ಸಿದ್ಧಪಡಿಸಿದ ಗಣಿತ ಬೋಧನೆಯ ಪ್ರಬಂಧ, ಲೆಕ್ಕ ಮಾಡಬಲ್ಲವರನ್ನು ತಯಾರಿಸುವುದು ಕಿರಿದಾದ ಗುರಿ, ಗಣಿತದ ರೀತಿಯಲ್ಲಿ ಯೋಚಿಸುವುದನ್ನು ಕಲಿಸುವುದು ಹಿರಿದಾದ ಗುರಿ ಎಂದಿತು. ನಮ್ಮ ಪಠ್ಯ ಸಪೂರವಾಗಿ ಎತ್ತರಕ್ಕೆ ಬೆಳೆದಿದೆ, ಅಗಲವಾಗಬೇಕು ಎಂಬುದು ಅದರ ಇನ್ನೊಂದು ಮಾತು. ಮಕ್ಕಳ ಭಯದ ಬಗ್ಗೆಯೂ ಅದು ಮುಚ್ಚುಮರೆಯಿಲ್ಲದೆ ಬರೆಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ದಾಖಲೆ ಇನ್ನೊಂದಿಲ್ಲ.

ಆ ಭಯ ಗಟ್ಟಿಯಾಗುವುದು ಅಂಕಗಣಿತ ಬೀಜಗಣಿತಕ್ಕೆ ತಿರುಗುವ ಈ ಮೂರು ವರ್ಷಗಳಲ್ಲೇ. ಸಮ ಚಿಹ್ನೆಯನ್ನೇ ನೋಡಿ. 8 + 4 = □ + 5, ಖಾಲಿ ಚೌಕದಲ್ಲಿ ಏನು ಬರುತ್ತದೆ? 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರನೇ ತರಗತಿಯ 145 ಮಕ್ಕಳಲ್ಲಿ ಒಬ್ಬರೂ 7 ಎನ್ನಲಿಲ್ಲ. ಎಲ್ಲರೂ 12 ಅಥವಾ 17 ಎಂದರು. ಆ ಚಿಹ್ನೆ ಅವರಿಗೆ ‘ಇನ್ನು ಉತ್ತರ ಬರೆ’ ಎಂಬ ಅಪ್ಪಣೆ. ಎರಡೂ ಕಡೆ ಒಂದೇ ಬೆಲೆ ಎಂಬ ಅರ್ಥ ಹೊಳೆದೇ ಇಲ್ಲ. ಅಂಥವರ ಮುಂದೆ 3x + 2 = x + 10 ಬರೆದು, ‘ಈಚೆಯದು ಆಚೆ ಹೋದರೆ ಚಿಹ್ನೆ ಬದಲು’ ಎಂದು ಹೇಳಿಕೊಟ್ಟರೆ ಅದು ಮಂತ್ರವಾಗಿಯೇ ಉಳಿಯುತ್ತದೆ.

ಅನುಪಾತದ ಕಥೆಯೂ ಹೀಗೆಯೇ. ಎರಡು ಲೋಟ ಅಕ್ಕಿಗೆ ಐದು ಲೋಟ ನೀರು, ನಾಲ್ಕು ಲೋಟಕ್ಕೆ ಎಷ್ಟು ಎಂದರೆ ‘ಏಳು’ ಎನ್ನುವ ಮಕ್ಕಳಿದ್ದಾರೆ. ಅಕ್ಕಿ ಎರಡು ಹೆಚ್ಚಿತಲ್ಲ, ನೀರೂ ಎರಡು ಹೆಚ್ಚಲಿ ಎಂಬುದು ಅವರ ತರ್ಕ. ಕೂಡುವ ಯೋಚನೆಯಿಂದ ಗುಣಿಸುವ ಯೋಚನೆಗೆ ಬರದ ಮಗುವಿಗೆ ಶೇಕಡಾವಾರು, ವೇಗ, ನಕ್ಷೆಯ ಪ್ರಮಾಣ ಮೂರೂ ಕಗ್ಗಂಟು.

ಎನ್‌ಸಿಇಆರ್‌ಟಿ 2024ರಲ್ಲಿ ಆರನೇ ತರಗತಿಗೆ ತಂದ ‘ಗಣಿತ ಪ್ರಕಾಶ’ ವಿನ್ಯಾಸಗಳಿಂದ ಆರಂಭವಾಗುತ್ತದೆ. ದೇವಲಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್ ಕಂಡುಕೊಂಡ 6174 ಎಂಬ ಸಂಖ್ಯೆಯ ಆಟವೂ ಅದರಲ್ಲಿದೆ. ಕುತೂಹಲ ಕೆರಳಿಸುವ ಪುಸ್ತಕ, ಒಪ್ಪೋಣ. ಆದರೆ ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಅರ್ಧಕ್ಕಿಂತ ಕಡಿಮೆ ಎಂದು 2018ರ ಅಸರ್ ಸಮೀಕ್ಷೆ ಹೇಳಿದೆ. ಆಟ ಬೇಕೋ ಅಭ್ಯಾಸ ಬೇಕೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಭಿನ್ನರಾಶಿ, ಅನುಪಾತ, ಸಮೀಕರಣ ಈ ಮೂರಕ್ಕೆ ಗಣಿತದ ಅರ್ಧದಷ್ಟು ಪೀರಿಯಡ್ಡುಗಳನ್ನಾದರೂ ಬಿಟ್ಟುಕೊಡಬೇಕು. ಅದಕ್ಕಾಗಿ ಚಕ್ರಬಡ್ಡಿಯ ಉದ್ದುದ್ದ ಲೆಕ್ಕಗಳನ್ನೂ ಘನಮೂಲವನ್ನೂ ಒಂಬತ್ತನೇ ತರಗತಿಗೆ ದೂಡಿದರೆ ಯಾರಿಗೂ ನಷ್ಟವಿಲ್ಲ.