ಅಕ್ಷರಗುಂಡು ಮತ್ತು ಅಡಿಟಿಪ್ಪಣಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಇರುವ ಹೆಬ್ಬಂಡೆಯೊಂದನ್ನು ಸುತ್ತಲಿನ ಜನ 'ಅಕ್ಷರಗುಂಡು' ಎಂದು ಕರೆಯುತ್ತ ಬಂದರು. ಅದರ ಮೇಲಿನ ಲಿಪಿ ಯಾವುದು, ಬರೆಸಿದವರು ಯಾರು ಎಂಬುದು ಅವರಿಗೆ ತಿಳಿದಿರಲಿಲ್ಲ. ಅದು ಅಕ್ಷರ ಎಂಬುದು ಮಾತ್ರ ತಿಳಿದಿತ್ತು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಬಂಡೆಯನ್ನೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳನ್ನೂ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಮೌರ್ಯ ಚಕ್ರವರ್ತಿಯ ಆಜ್ಞೆ ನಮ್ಮ ನಾಡಿನವರೆಗೆ ಬಂದಿತ್ತೆಂಬುದು ಆಗ ಸಿದ್ಧವಾಯಿತು.

ಬ್ರಹ್ಮಗಿರಿಯ ಶಾಸನ ಧರ್ಮವನ್ನು ಬೋಧಿಸುವುದಕ್ಕೆ ಮೊದಲು ತಾನು ಎಲ್ಲಿಂದ ಬಂದೆನೆಂಬುದನ್ನು ಹೇಳಿಕೊಳ್ಳುತ್ತದೆ. ಸುವರ್ಣಗಿರಿಯಿಂದ, ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ, ದೇವಾನಾಂಪ್ರಿಯನು ಹೀಗೆ ಆಜ್ಞಾಪಿಸುತ್ತಾನೆಂದು ಅದು ಮುಂದುವರಿಯುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಅವನು ಲಿಪಿಕಾರನೆಂಬ ಮಾತು ಮಾತ್ರ ಬ್ರಾಹ್ಮಿಯಲ್ಲಿರದೆ ವಾಯವ್ಯ ಭಾರತದ ಖರೋಷ್ಠಿಯಲ್ಲಿದೆ. ಆಜ್ಞೆ ಯಾರದು, ಯಾರ ಮೂಲಕ ಬಂದಿತು, ಯಾವ ಊರಿನಿಂದ ಯಾವ ಊರಿಗೆ, ಬರೆದ ಕೈ ಯಾರದು ಎಂಬ ಪ್ರಶ್ನೆಗಳಿಗೆಲ್ಲ ಕಲ್ಲಿನಲ್ಲಿಯೇ ಉತ್ತರವಿದೆ. ಇಂದು ನಾವು ಆಕರಸೂಚಿ ಎನ್ನುವುದರ ಕೆಲಸವೂ ಇದೇ. ಆದರೆ ಈ ಶಾಸನವನ್ನು ಆಧಾರವಾಗಿಟ್ಟುಕೊಂಡು ಬರೆಯುವ ನಮ್ಮ ಸ್ಮರಣ ಸಂಚಿಕೆಗಳಲ್ಲಿಯೂ ಅಭಿನಂದನ ಗ್ರಂಥಗಳಲ್ಲಿಯೂ ಹೆಚ್ಚಾಗಿ ಕಾಣುವುದು 'ಶಾಸನವೊಂದರಿಂದ ತಿಳಿದುಬರುತ್ತದೆ' ಎಂಬ ಒಂದೇ ವಾಕ್ಯ. ಯಾವ ಶಾಸನ, ಎಲ್ಲಿಯದು, ಓದಿದವರಾರು ಎಂಬುದು ಅಲ್ಲಿ ಸಿಗುವುದಿಲ್ಲ.

ಇದರ ಪರಿಣಾಮ ಚಿಕ್ಕದಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ಅಶೋಕನ ಹೆಸರಿದೆಯೆಂದು ಬರೆಯುವವರುಂಟು. ಅಲ್ಲಿ ಇರುವುದು 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ. ಆ ಬಿರುದಿನೊಡನೆ ಅಶೋಕ ಎಂಬ ಹೆಸರು ಮೊದಲು ಕಂಡದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ. ಬ್ರಹ್ಮಗಿರಿಯ ಪರಿಸರವೇ ಇಸಿಲವೆಂಬುದು ಶಾಸನದ ಸಂಬೋಧನೆಯಿಂದ ವಿದ್ವಾಂಸರು ಮಾಡಿದ ಊಹೆ. ಬಲವಾದ ಊಹೆಯೇ ಸರಿ, ಆದರೂ ಊಹೆ. ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯನ್ನು ಬುದ್ಧನಿರ್ವಾಣದಿಂದ ಎಣಿಸಿದ ವರ್ಷವೆಂದು ಕೆಲವರು ತಿಳಿದರು, ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಬೇರೆಯವರು ತಿಳಿದರು. ಶಾಸನ ಹೇಳಿದ್ದು ಯಾವುದು, ಸಂಪಾದಕರು ಹೇಳಿದ್ದು ಯಾವುದು, ನಾವು ಹೇಳುತ್ತಿರುವುದು ಯಾವುದು ಎಂಬ ಗೆರೆ ಅಳಿಸಿಹೋದರೆ ಊಹೆಯು ಮೂರನೆಯ ಲೇಖನದಲ್ಲಿ ಸಂಗತಿಯಾಗುತ್ತದೆ, ಐದನೆಯದರಲ್ಲಿ ಊರಿನ ಹೆಮ್ಮೆಯಾಗುತ್ತದೆ. ಆಮೇಲೆ ಅದನ್ನು ಪ್ರಶ್ನಿಸುವವನು ಊರಿನ ವೈರಿಯಾಗಿ ಕಾಣುತ್ತಾನೆ.

ಉಲ್ಲೇಖದ ಪದ್ಧತಿಗಳು ಹಲವು. ಪುಟದ ಕೆಳಗೆ ಅಂಕೆ ಹಾಕಿ ಟಿಪ್ಪಣಿ ಬರೆಯುವುದು ಹಳೆಯ ಕ್ರಮ. 1906ರಲ್ಲಿ ಮೊದಲು ಅಚ್ಚಾದ ಷಿಕಾಗೊ ವಿಶ್ವವಿದ್ಯಾಲಯದ ಕೈಪಿಡಿ ಇಂದಿಗೂ ಅದಕ್ಕೆ ಸ್ಥಾನ ಕೊಟ್ಟಿದೆ. ವಾಕ್ಯದ ನಡುವೆಯೇ ಆವರಣದಲ್ಲಿ ಲೇಖಕನ ಹೆಸರು ಮತ್ತು ವರ್ಷವನ್ನು ಕೊಡುವ ಕ್ರಮಕ್ಕೆ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರ 1881ರ ಪ್ರಬಂಧವನ್ನು ಮೂಲವೆನ್ನುತ್ತಾರೆ. ಅಮೆರಿಕದ ಮನೋವಿಜ್ಞಾನ ಸಂಘ 1929ರಲ್ಲಿ ತನ್ನ ನಿಯಮಗಳನ್ನು ಪ್ರಕಟಿಸತೊಡಗಿತು. ಅದರ ಕ್ರಮವೂ ಹೆಸರು-ವರ್ಷದ್ದೇ. ವೈದ್ಯವಿಜ್ಞಾನದವರು ಬರಿಯ ಅಂಕೆಗಳಿಂದ ಕೆಲಸ ಸಾಗಿಸುತ್ತಾರೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದ ವ್ಯರ್ಥ. ಯಾವ ಆಕರಕ್ಕೆ ಯಾವುದು ಒಗ್ಗುತ್ತದೆಂಬುದನ್ನು ಮಾತ್ರ ನೋಡಬೇಕು.

ನಮ್ಮ ಶಾಸನಗಳನ್ನೇ ತೆಗೆದುಕೊಳ್ಳಿ. 'ರೈಸ್' ಎಂದೂ ಒಂದು ವರ್ಷವನ್ನೂ ಆವರಣದಲ್ಲಿ ಬರೆದರೆ ಓದುಗನಿಗೆ ಏನೂ ಸಿಕ್ಕಂತಾಗುವುದಿಲ್ಲ. ಆ ಸಂಪುಟದಲ್ಲಿ ಇಡೀ ಜಿಲ್ಲೆಯ ಶಾಸನಗಳಿವೆ. ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅಲ್ಲಿ ರೈಸ್ ಅವರು ತಾಲ್ಲೂಕಿನ ಹೆಸರು, ಅದರ ಮುಂದೆ ಶಾಸನದ ಸಂಖ್ಯೆ ಎಂಬ ಸರಳವಾದ ಏರ್ಪಾಟನ್ನು ಇಟ್ಟುಕೊಂಡರು. ಪಾಠ ರೋಮನ್ ಲಿಪಿಯಲ್ಲಿ ಒಂದೆಡೆ, ಕನ್ನಡ ಲಿಪಿಯಲ್ಲಿ ಇನ್ನೊಂದೆಡೆ, ಅನುವಾದ ಮತ್ತೊಂದೆಡೆ ಇರುವುದರಿಂದ ಪುಟಸಂಖ್ಯೆಗಿಂತ ಈ ಶಾಸನಸಂಖ್ಯೆಯೇ ಸುಲಭವಾದ ಕೀಲಿಕೈ. 'ಎ.ಕ. 11, ಮೊಳಕಾಲ್ಮುರು' ಎಂದು ಬರೆದು ಸಂಖ್ಯೆ ಕೊಟ್ಟರೆ ಯಾವ ದೇಶದ ಓದುಗನೂ ಅದೇ ಕಲ್ಲಿನ ಮುಂದೆ ಬಂದು ನಿಲ್ಲುತ್ತಾನೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಲಾರಂಭಿಸಿದ ಮೇಲೆ ಅವುಗಳಲ್ಲಿ ಅಂಕೆಗಳು ಬದಲಾದವು. ಆದ್ದರಿಂದ ಯಾವ ಆವೃತ್ತಿಯೆಂಬುದನ್ನೂ ಹೇಳಬೇಕು. ಜಗಳೂರು, ದಾವಣಗೆರೆ ತಾಲ್ಲೂಕುಗಳು 1997ರಲ್ಲಿ ಹೊಸ ಜಿಲ್ಲೆಗೆ ಸೇರಿದುವೆಂದು ಹಳೆಯ ಉಲ್ಲೇಖವನ್ನು ತಿದ್ದುವವರೂ ಉಂಟು. ಜಿಲ್ಲೆ ಬದಲಾಯಿತು, ಪುಸ್ತಕ ಬದಲಾಗಲಿಲ್ಲ.

ಹೆಸರುಗಳ ತೊಡಕು ಬೇರೆ. ಮೂರು ಬಂಡೆಗಳ ಪಾಠವನ್ನು ಬ್ಯೂಲರ್ ಅವರು ಎಪಿಗ್ರಾಫಿಯಾ ಇಂಡಿಕದ ಮೂರನೆಯ ಸಂಪುಟದಲ್ಲಿ 'ಸಿದ್ದಾಪುರದ ಶಾಸನಗಳು' ಎಂಬ ಒಂದೇ ಹೆಸರಿನಡಿ ಸಂಪಾದಿಸಿದರು. ಹುಲ್ಟ್ಜ್ ಅವರ 1925ರ ಸಂಪುಟದಲ್ಲಿ ಮೂರೂ ಬೇರೆ ಬೇರೆಯಾಗಿ ನಿಂತಿವೆ. ಹಳೆಯ ಲೇಖನದಲ್ಲಿ 'ಸಿದ್ದಾಪುರ' ಎಂದು ಕಂಡೊಡನೆ ಸಿದ್ದಾಪುರದ ಬಂಡೆಯೆಂದೇ ತಿಳಿಯುವಂತಿಲ್ಲ. ಬಳೆಗಾರರ ಗುಂಡು ಎಂದು ಹೆಸರಾದ ಜಟಿಂಗ ರಾಮೇಶ್ವರದ ಬಂಡೆಯಲ್ಲಂತೂ ಅಕ್ಷರಗಳು ಬಹಳ ಸವೆದಿವೆ. ಉಳಿದೆರಡರ ನೆರವಿನಿಂದ ಅದನ್ನು ಓದಬೇಕು. ಹಾಗೆ ಓದಿದ್ದೆಂಬುದನ್ನು ಹೇಳದೆ ಪಾಠವನ್ನು ಕೊಡುವುದು ಸರಿಯಲ್ಲ.

ಉತ್ಖನನದ ವಿಷಯದಲ್ಲಿಯೂ ಇದೇ ಕಥೆ. ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿ, ವರದಿಯನ್ನು 'ಏನ್ಷಿಯಂಟ್ ಇಂಡಿಯ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಪ್ರಕಟಿಸಿದರು. ಸಂಚಿಕೆಯ ಮೇಲೆ 1947–48 ಎಂದಿದೆ. ಒಬ್ಬರು ವೀಲರ್ 1947 ಎನ್ನುತ್ತಾರೆ, ಇನ್ನೊಬ್ಬರು 1948 ಎನ್ನುತ್ತಾರೆ. ಓದುಗ ಎರಡು ವರದಿಗಳಿವೆಯೆಂದು ಹುಡುಕುತ್ತಾನೆ. ಅದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿದೆ. ವೀಲರ್ ಅವರಿಗೆ ಮೊದಲೇ, 1940ರ ದಶಕದ ಆರಂಭದಲ್ಲಿ, ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಅದನ್ನು ದಾಖಲಿಸಿದ್ದರು. ವೀಲರ್ ಅವರನ್ನು ಮಾತ್ರ ಉಲ್ಲೇಖಿಸಿ ಮುಗಿಸುವ ನಮ್ಮವರ ಬರೆಹಗಳಲ್ಲಿ ಕೃಷ್ಣ ಅವರು ಇಲ್ಲವಾಗುತ್ತಾರೆ.

ವಿದೇಶದ ಪದ್ಧತಿಗಳು ಕುಲನಾಮವನ್ನು ಮುಂದಿಡುತ್ತವೆ. ನಮ್ಮವರಿಗೆ ಮುಂದಿರುವುದು ಬಹುಮಟ್ಟಿಗೆ ಊರು ಮತ್ತು ತಂದೆಯ ಹೆಸರು. ಚಳ್ಳಕೆರೆ ತಾಲ್ಲೂಕಿನ ತಳುಕು ಇದಕ್ಕೆ ಒಳ್ಳೆಯ ನಿದರ್ಶನ. ಟಿ. ಎಸ್. ವೆಂಕಣ್ಣಯ್ಯ, ತ. ಸು. ಶಾಮರಾಯ, ತ. ರಾ. ಸುಬ್ಬರಾಯ ಮೂವರೂ ಒಂದೇ ಮನೆತನದವರು. 'ಟಿ' ಆಗಲಿ 'ತ' ಆಗಲಿ ತಳುಕೇ. ನಿಯಮದಂತೆ ಹೆಸರನ್ನು ತಿರುಗಿಸಿದರೆ ಒಬ್ಬರು ವಕಾರಕ್ಕೆ, ಒಬ್ಬರು ಶಕಾರಕ್ಕೆ, ಮತ್ತೊಬ್ಬರು ಸಕಾರಕ್ಕೆ ಹೋಗುತ್ತಾರೆ, ತ.ರಾ.ಸು. ಎಂದು ನಾಡಿಗೆಲ್ಲ ಪರಿಚಿತರಾದವರನ್ನು ಹುಡುಕುವ ಹುಡುಗ ತಕಾರದಲ್ಲಿ ತಡಕಿ ಹಿಂದಿರುಗುತ್ತಾನೆ. ಲೇಖಕರು ತಮ್ಮ ಪುಸ್ತಕದ ಮುಖಪುಟದಲ್ಲಿ ಹೇಗೆ ಬರೆದುಕೊಂಡರೋ ಹಾಗೆಯೇ ಕೊಡುವುದು ಕನ್ನಡಕ್ಕೆ ಮೇಲು. ತ.ರಾ.ಸು. ಅವರ ಹೆಸರು ಬಂದುದರಿಂದ ಇನ್ನೊಂದು ಮಾತು: 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ದುರ್ಗಾಸ್ತಮಾನ' ಕಾದಂಬರಿ. ಅದರಲ್ಲಿನ ಸಂಭಾಷಣೆಯನ್ನು ಮದಕರಿನಾಯಕನ ಮಾತೆಂದು ಇತಿಹಾಸದ ಲೇಖನದಲ್ಲಿ ಸೇರಿಸುವುದು ಕಾದಂಬರಿಕಾರರಿಗೂ ನಾಯಕನಿಗೂ ಮಾಡುವ ಅಪಚಾರ.

ವಚನಗಳ ಉಲ್ಲೇಖದಲ್ಲಿ ನಮಗೆ ಅಂಕಿತವೆಂಬ ದೊಡ್ಡ ಆಸರೆಯಿದೆ. ಆದರೆ ಅಂಕಿತ ಹೇಳುವುದು ವಚನಕಾರರನ್ನು, ಪಾಠವನ್ನಲ್ಲ. ಫ. ಗು. ಹಳಕಟ್ಟಿಯವರ ಮುದ್ರಣದ ಪಾಠಕ್ಕೂ ಸರ್ಕಾರ 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಪಾಠಕ್ಕೂ ಅಲ್ಲಲ್ಲಿ ಭೇದವಿರುವುದರಿಂದ ಸಂಪುಟ ಮತ್ತು ವಚನಸಂಖ್ಯೆಯನ್ನು ಕೊಡುವುದು ಅವಶ್ಯ. ಗ್ರಂಥದ ಕೊನೆಯ ಪಟ್ಟಿಯನ್ನು ನಮ್ಮ ಹಿರಿಯರು 'ಗ್ರಂಥಋಣ' ಎಂದರು. ಋಣಪತ್ರದಲ್ಲಿ ಸಾಲ ಕೊಟ್ಟವನ ಹೆಸರಿದ್ದು ಮೊತ್ತವೇ ಇಲ್ಲದಿದ್ದರೆ ಹೇಗೆ?

ಇನ್ನು ಅಕ್ಷರಕ್ಕೆ ಬಾರದ ಆಕರಗಳು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪರ ಕಥನಗಳು, ಮ್ಯಾಸಬೇಡರ ಗಾದ್ರಿ ಪಾಲನಾಯಕನ ಕಾವ್ಯ, ಇವೆಲ್ಲ ಹಟ್ಟಿಗಳಲ್ಲಿ ಬಾಯಿಂದ ಬಾಯಿಗೆ ಬಂದವು. ಈ ನೆಲದ ಇತಿಹಾಸದಲ್ಲಿ ಕಲ್ಲು ಹೇಳದ ಪಾಲೆಲ್ಲ ಇವುಗಳಲ್ಲಿಯೇ ಇದೆ. ಆದರೆ ಮನೋವಿಜ್ಞಾನ ಸಂಘದ ಪದ್ಧತಿಯಲ್ಲಿ ಬಾಯಿಮಾತು 'ವೈಯಕ್ತಿಕ ಸಂವಹನ'ವೆನಿಸುತ್ತದೆ. ಓದುಗನು ಮತ್ತೆ ಹೋಗಿ ನೋಡಲಾರದ್ದೆಂಬ ಕಾರಣದಿಂದ ಅದನ್ನು ಕೊನೆಯ ಪಟ್ಟಿಯಿಂದ ಹೊರಗಿಡುತ್ತಾರೆ. ಒಬ್ಬ ಸಹೋದ್ಯೋಗಿಯ ಕಾಗದಕ್ಕೆ ಈ ನಿಯಮ ಸಾಕು, ತಲೆಮಾರುಗಳ ಹಾಡಿಗೆ ಸಾಲದು. ಕೆನಡಾದ ಮೂಲನಿವಾಸಿ ಗ್ರಂಥಪಾಲಕಿ ಲೊರೀಸಾ ಮ್ಯಾಕ್ಲೌಡ್ ಅವರು ತಮ್ಮ ಸಮುದಾಯಗಳ ಹಿರಿಯರನ್ನು ಪಟ್ಟಿಯೊಳಗೇ ತರುವ ಮಾದರಿಗಳನ್ನು 2021ರಲ್ಲಿ ಪ್ರಕಟಿಸಿದರು: ಹಿರಿಯರ ಹೆಸರು, ಅವರ ಜನಾಂಗ, ಊರು, ಹೇಳಿದ ವಿಷಯ, ಹೇಳಿದ ದಿನ. ನಮ್ಮ ಜಾನಪದ ಸಂಶೋಧಕರು ಪ್ರಬಂಧದ ಅನುಬಂಧದಲ್ಲಿ ವಕ್ತೃಗಳ ಪಟ್ಟಿ ಕೊಡುವ ರೂಢಿ ಇದಕ್ಕೆ ಹತ್ತಿರದ್ದು. ಆದರೆ ಅನುಬಂಧದಲ್ಲಿ ಇಟ್ಟದ್ದು ಅಲ್ಲಿಯೇ ಉಳಿಯುತ್ತದೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ತಿಳಿಯದವರು. ಅವರು ಹಾಡಿದ ಪದಗಳನ್ನು ಕೃಷ್ಣಮೂರ್ತಿ ಹನೂರು ಅವರು 'ಸಾವಿರದ ಸಿರಿ ಬೆಳಗು' ಎಂಬ ಹೆಸರಿನಲ್ಲಿ ಸಂಗ್ರಹಿಸಿದರು. ಹಾಡಿಗೆ ನೆಲೆ ಸಿಕ್ಕಿತು. ಆದರೆ ಹೆಸರು-ವರ್ಷದ ಕ್ರಮದಲ್ಲಿ ಅದನ್ನು ಉಲ್ಲೇಖಿಸಿದರೆ ಆವರಣದೊಳಗೆ ಬರುವುದು ಸಂಗ್ರಾಹಕರ ಹೆಸರೊಂದೇ. ಬಂಡೆಯ ಮೇಲೆ ಕೆತ್ತಿದ ಚಪಡನ ಹೆಸರು ಉಳಿದಿದೆ, ಪದ ಕಟ್ಟಿ ಹಾಡಿದವರ ಹೆಸರು ಪುಟದಿಂದ ಜಾರುತ್ತದೆ. ಮೊದಲಿಗೆ 'ಸಿರಿಯಜ್ಜಿ, ಹಾಡಿದವರು, ಯಲಗಟ್ಟೆ ಗೊಲ್ಲರಹಟ್ಟಿ, ಚಳ್ಳಕೆರೆ ತಾಲ್ಲೂಕು' ಎಂದು ಬರೆದು, ಆಮೇಲೆ ಸಂಗ್ರಾಹಕರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಎಂದು ಮುಂದುವರಿಸಲು ಅಡಿಟಿಪ್ಪಣಿಯಲ್ಲಿ ಎರಡು ಸಾಲು ಸಾಕು.